ಹೈದರಾಬಾದ್‌ನಲ್ಲಿ ಸಿಂತ್-ಪಾಪ್ ಶೋ: ಕಲಬುರಗಿಯಿಂದ ಹೋಗಿ ಬರುವುದು ಹೇಗೆ?

ಸಿಂತ್-ಪಾಪ್, ಅಂದರೆ ಸಿಂತಸೈಜರ್ ಎಂಬ ವಾದ್ಯದ ದನಿಯ ಮೇಲೆ ಕಟ್ಟಿದ ಪಾಪ್ ಸಂಗೀತ, ಲೈವ್ ಕೇಳಬೇಕು ಅಂದರೆ ಕಲಬುರಗಿಯವರು ಮೊದಲು ಬೆಂಗಳೂರಿನ ಕಾರ್ಯಕ್ರಮಗಳನ್ನೇ ಹುಡುಕುತ್ತಾರೆ. ಆದರೆ ನಮಗೆ ಹೈದರಾಬಾದ್ ಹತ್ತಿರ, ಸುಮಾರು 220 ಕಿ.ಮೀ. ಸೇಡಂ, ಚಿತ್ತಾಪುರದವರಿಗೆ ಇನ್ನೂ ಕಡಿಮೆ. ಶನಿವಾರ ಹೊರಟು ಭಾನುವಾರ ರಾತ್ರಿ ಮನೆ ಸೇರಬಹುದು.

ಮೊದಲು ಕಿವಿ ಪಳಗಿಸಿ

ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನೋಡಿದ್ದೀರಲ್ವಾ? ಸಿಂತಸೈಜರ್ ಅದೇ ಕುಲದ್ದು. ಆದರೆ ಆರ್ಕೆಸ್ಟ್ರಾದವರು ಅದರಲ್ಲಿ ಕೊಳಲು, ಪಿಟೀಲಿನ ದನಿ ತರುತ್ತಾರೆ. ಸಿಂತ್-ಪಾಪ್‌ನವರು ಕರೆಂಟಿನಿಂದ ಹುಟ್ಟುವ ದನಿಯನ್ನೇ ಹಾಡಿನ ಜೀವ ಮಾಡಿಕೊಳ್ಳುತ್ತಾರೆ. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ 1970ರ ದಶಕದಲ್ಲಿ ಇದಕ್ಕೆ ದಾರಿ ಹಾಕಿತು. ಇಂಗ್ಲೆಂಡಿನ ಡೆಪೆಷ್ ಮೋಡ್ 1980ರಲ್ಲಿ ಹುಟ್ಟಿತು. ಆದರೂ ನಾನು ಹೇಳುವುದು, ಚರಣ್‌ಜಿತ್ ಸಿಂಗ್ ಅವರಿಂದ ಶುರು ಮಾಡಿ. ಹಿಂದಿ ಸಿನಿಮಾ ಸಂಗೀತದಲ್ಲಿ ದುಡಿದ ಇವರು 1982ರಲ್ಲೇ ರೋಲ್ಯಾಂಡ್ ಕಂಪನಿಯ ಸಿಂತ್ ಮತ್ತು ಡ್ರಮ್ ಯಂತ್ರಗಳಲ್ಲಿ ಹತ್ತು ರಾಗ ನುಡಿಸಿದರು. ಯಮನ್, ಮಾಲಕಂಸ ಕೇಳಿ ಬೆಳೆದ ನಮ್ಮ ಭಾಗದ ಕಿವಿಗೆ ಇದು ತುಂಬಾ ಹತ್ತಿರ.

ಟಿಕೆಟ್, ರೈಲು, ರೂಮು

ಶೋ ಟಿಕೆಟ್ ಕೈಗೆ ಬಂದ ದಿನವೇ ರೈಲು ಬುಕ್ ಮಾಡಿ. ದೊಡ್ಡ ಶೋಗಳು ಹೆಚ್ಚಾಗಿ ಗಚ್ಚಿಬೌಲಿ, ಹೈಟೆಕ್ ಸಿಟಿ ಕಡೆ ನಡೆಯುತ್ತವೆ. ಹಾಗಾಗಿ ನಗರದ ನಡುವಿನ ನಾಂಪಲ್ಲಿ ನಿಲ್ದಾಣದವರೆಗೆ ಹೋಗಬೇಡಿ. ಅದಕ್ಕೂ ಮೊದಲು ಬರುವ ಲಿಂಗಂಪಲ್ಲಿಯಲ್ಲಿ ನಿಲ್ಲುವ ರೈಲು ಹಿಡಿದು ಅಲ್ಲೇ ಇಳಿಯಿರಿ, ರೂಮನ್ನೂ ಆ ಕಡೆಯೇ ಮಾಡಿ. ಬಯಲಿನಲ್ಲಿ ಧ್ವನಿವರ್ಧಕಕ್ಕೆ ಸಾಮಾನ್ಯವಾಗಿ ರಾತ್ರಿ 10ರವರೆಗೆ ಮಾತ್ರ ಅವಕಾಶ. ಅದಕ್ಕೇ ಬಯಲು ಶೋಗಳು ಬೇಗ ಶುರುವಾಗುತ್ತವೆ, ತಡ ಮಾಡಿದರೆ ಅರ್ಧ ಹಾಡು ಹೋಯಿತು ಅಂತಲೇ ಲೆಕ್ಕ.

ಎಲ್ಲಿ ನಿಲ್ಲಬೇಕು, ಏನು ನೋಡಬೇಕು

ವೇದಿಕೆಗೆ ಅಂಟಿಕೊಂಡು ನಿಲ್ಲುವ ಆಸೆ ಎಲ್ಲರಿಗೂ ಇರುತ್ತದೆ. ಅಲ್ಲಿ ಬಾಸ್, ಅಂದರೆ ತಗ್ಗಿನ ದಪ್ಪ ದನಿ, ಎದೆಗೆ ಗುದ್ದುತ್ತದೆ, ಹಾಡುವವರ ದನಿ ಮಾತ್ರ ಸರಿಯಾಗಿ ಕೇಳುವುದಿಲ್ಲ. ಎದುರಿಗೆ, ಜನರ ನಡುವೆ ಸೌಂಡ್ ಎಂಜಿನಿಯರ್ ಕೂತು ದನಿ ಹೊಂದಿಸುವ ಮಿಕ್ಸರ್ ಮೇಜು ಇರುತ್ತದೆ. ಅದರ ಮುಂದೆ ನಿಲ್ಲಿ. ಅವರು ತಮ್ಮ ಕಿವಿಗೆ ಸರಿ ಅನಿಸುವಂತೆ ದನಿ ಹೊಂದಿಸುತ್ತಾರೆ, ಅದೇ ದನಿ ನಿಮಗೂ ಸಿಗುತ್ತದೆ.

ಮತ್ತೆ ವೇದಿಕೆಯ ಮೇಲಿನ ಕಲಾವಿದರ ಕೈಗಳನ್ನು ನೋಡಿ. ಮರುಕಳಿಸುವ ಸ್ವರಗಳನ್ನು ಬಹುತೇಕ ಯಂತ್ರವೇ ನುಡಿಸುತ್ತಿರುತ್ತದೆ. ಇದನ್ನು ಕಂಡು 'ಇವರು ಸುಮ್ನೆ ನಿಂತಿದ್ದಾರೆ' ಅನ್ನುವವರಿದ್ದಾರೆ. ಅದು ಅನ್ಯಾಯ. ಬೆರಳು ಸಣ್ಣ ತಿರುಪೊಂದನ್ನು ತಿರುಗಿಸುತ್ತಿರುತ್ತದೆ, ಅದು ದನಿಯ ಒಂದು ಭಾಗವನ್ನು ತಡೆದು ಹಿಡಿಯುವ ಫಿಲ್ಟರ್. ಮಂಕಾಗಿದ್ದ ದನಿ ನಿಧಾನವಾಗಿ ತೆರೆದುಕೊಂಡು ಇಡೀ ಜನ ಕುಣಿಯತೊಡಗುವುದು ಆ ಬೆರಳಿನಿಂದಲೇ. ಯಾವಾಗ, ಎಷ್ಟು ತಿರುಗಿಸಬೇಕು ಅನ್ನುವುದರಲ್ಲೇ ಕಲಾವಿದರ ಜಾಣ್ಮೆ ಇದೆ.

ಇಯರ್‌ಪ್ಲಗ್ ಮರೆಯಬೇಡಿ. ಸಂಗೀತದ ಜಾಗಗಳಲ್ಲಿ ಸದ್ದು ಸರಾಸರಿ 100 ಡೆಸಿಬೆಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಸ್ಪೀಕರ್ ಪಕ್ಕದಲ್ಲಿ ಅದನ್ನು ದಾಟುವುದು ಕಷ್ಟವೇನಲ್ಲ. ಮರುದಿನಕ್ಕೂ ಕಿವಿ ಚುರುಕಾಗಿರಬೇಕು.

ಭಾನುವಾರ

ಚಾರ್‌ಮಿನಾರ್ ಎಲ್ಲರೂ ನೋಡಿರುತ್ತಾರೆ. ನೀವು ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಗೋಲ್ಕೊಂಡಕ್ಕೆ ಹೋಗಿ. ಕಲಬುರಗಿಯಿಂದ, ಆಮೇಲೆ ಬೀದರಿನಿಂದ ಆಳಿದ ಬಹಮನಿಗಳ ಕೈಯಲ್ಲಿದ್ದ ಕೋಟೆ ಇದು. ಅವರ ಸುಬೇದಾರ ಸುಲ್ತಾನ್ ಕುಲಿ ಇಲ್ಲೇ ಕುತುಬ್‌ಶಾಹಿ ಮನೆತನ ಕಟ್ಟಿದ. ಗೆಳೆಯರೊಬ್ಬರು ಫತೇ ದರ್ವಾಜಾದ ಗುಮ್ಮಟದ ಕೆಳಗೆ ಚಪ್ಪಾಳೆ ತಟ್ಟಲಿ, ನೀವು ಮೇಲೆ ಕೋಟೆಯ ತುತ್ತತುದಿಯ ಬಾಲಾ ಹಿಸಾರ್‌ನಲ್ಲಿ ನಿಲ್ಲಿ. ಹೆಚ್ಚುಕಡಿಮೆ ಒಂದು ಕಿ.ಮೀ. ದೂರಕ್ಕೆ ಆ ಸದ್ದು ಕೇಳುತ್ತದೆ, ಒಂದು ತಂತಿಯೂ ಇಲ್ಲದೆ! ಜನ ಜಾಸ್ತಿಯಾದ ಮೇಲೆ ಗದ್ದಲದಲ್ಲಿ ಅದು ಸಿಗುವುದಿಲ್ಲ.

ಅಲ್ಲಿಂದ ಸಾಲಾರ್ ಜಂಗ್ ಮ್ಯೂಸಿಯಂ. ಶುಕ್ರವಾರ ರಜೆ, ಭಾನುವಾರ ತೆರೆದಿರುತ್ತದೆ. ಗಂಟೆ ಬಾರಿಸಲು ಪುಟ್ಟ ಗೊಂಬೆ ಹೊರಬರುವ ಗಡಿಯಾರ ಅಲ್ಲಿದೆ. ಮಧ್ಯಾಹ್ನ 12ಕ್ಕೆ ಹನ್ನೆರಡು ಹೊಡೆತ, ಸ್ವಲ್ಪ ಮೊದಲೇ ಹೋಗಿ ಜಾಗ ಹಿಡಿಯಿರಿ. ಊಟ, ಇರಾನಿ ಚಹಾ ಎಲ್ಲ ಸುತ್ತಲೇ ಸಿಗುತ್ತದೆ. ಎಂಜಿಬಿಎಸ್ ಬಸ್ ನಿಲ್ದಾಣವೂ ಹತ್ತಿರ, ಕಲಬುರಗಿಗಷ್ಟೇ ಅಲ್ಲ, ಬೀದರ್‌ಗೂ ಅಲ್ಲಿಂದ ಬಸ್ ಇದೆ.