ಕಾಟಾ ನಿಲ್ಲಿಸದೇ ಕಾಟಾದ ಪ್ರೋಗ್ರಾಂ ಹಿಡಿದದ್ದು

ಒಂದು ಸಕ್ಕರೆ ಕಾರ್ಖಾನೆಯ ಕಾಟಾ, ಅಂದರೆ ಕಬ್ಬಿನ ಗಾಡಿ ತೂಗುವ ಯಂತ್ರ, ರಾತ್ರಿ ಹೊತ್ತು ಚೀಟಿಯಲ್ಲಿ ತಪ್ಪು ತೂಕ ಕೊಡುತ್ತಿತ್ತು. ಅದರ ಪ್ರೋಗ್ರಾಂನ ಸೋರ್ಸ್ ಕೋಡ್ ಇಲ್ಲ. ಪ್ರೋಗ್ರಾಂ ನಿಲ್ಲಿಸುವ ಹಾಗಿಲ್ಲ. ಸರ್ವರ್‌ನಲ್ಲಿ ಇರೋದು ಹಳೇ ಲಿನಕ್ಸ್, ಸೆಂಟ್‌ಓಎಸ್ 7. ಅದರ ತಿರುಳಾದ ಕರ್ನಲ್ 3.10. ಇಷ್ಟರಲ್ಲೇ ತಪ್ಪು ಎಲ್ಲಿದೆ ಅಂತ ತೋರಿಸ್ತೀನಿ ಅಂದಾಗ ಸಾಫ್ಟ್‌ವೇರ್ ಕೊಟ್ಟ ಕಂಪನಿಯ ಹುಡುಗ ನಕ್ಕ. ಕಾರ್ಖಾನೆಯ ಕಂಪ್ಯೂಟರ್ ವಿಭಾಗದ ಸಾಹೇಬರು ನಗಲಿಲ್ಲ, ಆದರೆ ನಂಬಲೂ ಇಲ್ಲ. ಬೆಂಗಳೂರಿನಲ್ಲಿರುವ ನನ್ನ ಗೆಳೆಯನಂತೂ "ಹೊಸ ಸರ್ವರ್ ತಗೊಳ್ಳೋಕೆ ಹೇಳಪ್ಪಾ, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯ" ಅಂದ. ಈಗ ಕಾಟಾ ಸರಿಯಾಗಿದೆ, ಸರ್ವರ್ ಹಳೆಯದೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಬಾಗಲಕೋಟೆ ನವನಗರದಲ್ಲಿ. ಕೆಲಸ ಸಿಕ್ಕಿದ್ದು ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ. ಹಂಗಾಮು ಜೋರಾಗಿತ್ತು. ಕಬ್ಬಿನ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಗೇಟಿನ ಆಚೆತನಕ ಸಾಲು ನಿಂತಿದ್ದವು. ತೊಂದರೆ ಏನಂದ್ರೆ, ರಾತ್ರಿ ಹೊತ್ತು ಒಮ್ಮೊಮ್ಮೆ ಕಾಟಾದ ಮೀಟರ್ ಒಂದು ತೂಕ ತೋರಿಸುತ್ತದೆ, ಚೀಟಿಯಲ್ಲಿ ಬೇರೆ ತೂಕ ಬರುತ್ತದೆ. ಅದೂ ಕಡಿಮೆ. ರೈತರು ಬಿಡ್ತಾರಾ? "ಏನ್ರೀ ಸರ, ರಾತ್ರಿ ಆತಂದ್ರ ನಮ್ಮ ಕಬ್ಬು ಒಣಗ್ತೈತೇನು?" ಅಂತ ಒಬ್ಬರು ಕಾಟಾ ಕ್ಲರ್ಕ್‌ನ ಕಿಟಕಿ ಬಡಿದು ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ನಾನು ಹೋಗುವ ಮೊದಲೇ ದುಡ್ಡು ಸಾಕಷ್ಟು ಸುರಿದಿತ್ತು. ಶೀಲ್ಡ್ ಇರುವ ಹೊಸ ಸೀರಿಯಲ್ ಕೇಬಲ್ಲಿಗೆ ಮೂರ್ನಾಲ್ಕು ಸಾವಿರ. ಯುಎಸ್‌ಬಿ ಸೀರಿಯಲ್ ಕನ್ವರ್ಟರ್ ಎರಡು ಸಲ ಬದಲಾಯಿಸಿದ್ದರು, ಒಂದೊಂದಕ್ಕೂ ಸಾವಿರದ ಮೇಲೆ. ಮೀಟರಿನ ಕಾರ್ಡ್ ಬದಲಾಯಿಸಿ ಕ್ಯಾಲಿಬ್ರೇಶನ್ ಮಾಡಿಸಿದ್ದಕ್ಕೆ ಸುಮಾರು ಎಂಟು ಸಾವಿರ. ಕೊನೆಗೆ ಸಾಫ್ಟ್‌ವೇರ್ ಕಂಪನಿ ಹೊಸ ಸರ್ವರ್, ಹೊಸ ವರ್ಷನ್ ಎಲ್ಲಾ ಸೇರಿಸಿ ಎರಡು ಲಕ್ಷ ಚಿಲ್ಲರೆಯ ಕೊಟೇಶನ್ ಕಳಿಸಿತ್ತು. ಸಿಕ್ಕರೆ ಮಾತ್ರ 25 ಸಾವಿರ ಕೊಡಿ, ಸಿಗದಿದ್ದರೆ ಬಸ್ ಚಾರ್ಜೂ ಬೇಡ ಅಂತ ನಾನು ಹೇಳಿದೆ. ಅಷ್ಟಕ್ಕೆ ಒಪ್ಪಿದರು.

ಎಲ್ಲರ ಹಾಗೆ ಮೊದಲು ಎಸ್‌ಟ್ರೇಸ್ ಹಚ್ಚಿದೆ. ಪ್ರೋಗ್ರಾಂ ಕರ್ನಲ್‌ಗೆ ಹೇಳುವ ಪ್ರತಿ ಕೆಲಸವನ್ನೂ, ಅಂದರೆ ಸಿಸ್ಟಂ ಕಾಲ್‌ಗಳನ್ನು, ತೋರಿಸುವ ಟೂಲ್ ಅದು. ಹಚ್ಚಿದ ಕೂಡಲೇ ಪ್ರೋಗ್ರಾಂ ಮುಚ್ಚಿಕೊಂಡಿತು. ಜಿಡಿಬಿ ಅನ್ನೋ ಡೀಬಗ್ಗರ್ ಹಚ್ಚಿದರೂ ಅದೇ ಕಥೆ. ಎಸ್‌ಟ್ರೇಸ್‌ನ ಕೊನೆಯ ಸಾಲುಗಳನ್ನು ನೋಡಿದರೆ ಕಾರಣ ಅಲ್ಲೇ ಬರೆದಿತ್ತು. ಪ್ರೋಗ್ರಾಂ ಪ್ರೊಕ್ (ಓಡುತ್ತಿರುವ ಪ್ರೋಗ್ರಾಂಗಳ ಸ್ಥಿತಿಯನ್ನು ಕರ್ನಲ್ ತೋರಿಸುವ ಫೋಲ್ಡರ್) ಒಳಗಿನ ತನ್ನದೇ ಸ್ಟೇಟಸ್ ಫೈಲ್ ತೆರೆಯುತ್ತದೆ, ಓದುತ್ತದೆ, ಮರುಕ್ಷಣ ಎಕ್ಸಿಟ್. ಆ ಫೈಲಿನಲ್ಲಿ ಟ್ರೇಸರ್‌ಪಿಡ್ ಅನ್ನೋ ಸಾಲು ಇರುತ್ತದಲ್ವಾ, ಯಾರೂ ಹಿಡಿದಿಲ್ಲ ಅಂದ್ರೆ ಅಲ್ಲಿ 0 ಇರಬೇಕು. ಎಸ್‌ಟ್ರೇಸ್, ಜಿಡಿಬಿ ಎರಡೂ ಬಳಸುವ ಪಿಟ್ರೇಸ್ ಅನ್ನೋ ಸೌಲಭ್ಯದಿಂದ ಯಾರು ಹಿಡಿದರೂ ಕರ್ನಲ್ ಅಲ್ಲಿ ಅವರ ಪಿಡ್, ಅಂದರೆ ಹಿಡಿದ ಪ್ರೋಗ್ರಾಂನ ನಂಬರ್, ಬರೆಯುತ್ತದೆ. ಡಾಂಗಲ್ (ಸಾಫ್ಟ್‌ವೇರ್ ಕಳುವಾಗದಂತೆ ಕಂಪ್ಯೂಟರಿಗೆ ಚುಚ್ಚುವ ಕೀಲಿ) ಕಾಯೋಕೆ ಅಂತ ಕಂಪನಿಯವರು ಮಾಡಿದ ಕಾವಲು ಇದು. ಅದನ್ನು ದಾಟಿದೆ. ಹೇಗೆ ಅಂತ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ದಾಟಿದ ಮೇಲೆ ಇನ್ನೊಂದು ತಲೆನೋವು. ಈ ಪ್ರೋಗ್ರಾಂ ಸೀರಿಯಲ್ ಪೋರ್ಟಿಗೆ "ಎಷ್ಟು ಬೈಟ್ ಬಂತು, ಎಷ್ಟು ಬೈಟ್ ಬಂತು" ಅಂತ ಐಒಸಿಟಿಎಲ್ ಅನ್ನೋ ಸಿಸ್ಟಂ ಕಾಲ್ ಮೂಲಕ ಕೇಳುತ್ತಲೇ ಇರುತ್ತದೆ, ನಡುವೆ ಒಂದು ಸ್ಲೀಪ್ ಕೂಡ ಇಲ್ಲ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ಪಿಟ್ರೇಸ್ ಏನು ಮಾಡುತ್ತದೆ? ಪ್ರತಿ ಸಿಸ್ಟಂ ಕಾಲ್‌ಗೂ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಪ್ರೋಗ್ರಾಂ ನಿಲ್ಲಿಸುತ್ತದೆ. ಟೋಲ್ ನಾಕಾದಲ್ಲಿ ಪ್ರತಿ ಗಾಡಿಯನ್ನೂ ಹೋಗುವಾಗಲೂ ಬರುವಾಗಲೂ ಇಳಿಸಿ ತಪಾಸಣೆ ಮಾಡಿದ ಹಾಗೆ. ಪ್ರೋಗ್ರಾಂ ತೆವಳತೊಡಗಿತು. ಪ್ರೋಗ್ರಾಂ ಸಿಕ್ಕಿಬಿದ್ದಿದೆಯಾ ಅಂತ ಕಾಯುವ ಅದರದೇ ವಾಚ್‌ಡಾಗ್ ಬಂದು ರೀಸ್ಟಾರ್ಟ್ ಮಾಡಿತು. ಕಾಟಾ ಐದು ನಿಮಿಷ ಬಂದ್. ಹೊರಗೆ ಹಾರ್ನ್‌ಗಳ ಗದ್ದಲ. ಸಾಹೇಬರು ನನ್ನ ಕಡೆ ನೋಡಿದ ನೋಟ ಹೇಳೋದು ಬೇಡ.

ಬರೀ ಎಫ್‌ಸಿಂಕ್ (ಬರೆದದ್ದು ಡಿಸ್ಕಿಗೆ ಇಳಿಯುವ ತನಕ ಕಾಯುವ ಕಾಲ್) ಮಾತ್ರ ತೋರಿಸು ಅಂತ ಎಸ್‌ಟ್ರೇಸ್‌ಗೆ ಫಿಲ್ಟರ್ ಕೊಟ್ಟರೆ ಹಗುರಾಗುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಆಗಲ್ಲ. ಆ ಫಿಲ್ಟರ್ ಬರೀ ತೋರಿಸೋದಕ್ಕೆ, ನಿಲ್ಲಿಸೋದು ಎಲ್ಲಾ ಕಾಲ್‌ಗಳಲ್ಲೂ ನಡದೇ ಇರುತ್ತದೆ. ಎಸ್‌ಟ್ರೇಸ್ 5.3 ರಿಂದ ಸೆಕ್‌ಕಾಂಪ್ (ಕರ್ನಲ್ ಒಳಗೇ ಕಾಲ್‌ಗಳನ್ನು ಸೋಸುವ ಸೌಲಭ್ಯ) ಬಳಸುವ ಆಯ್ಕೆ ಬಂದಿದೆ ನಿಜ, ಆದರೆ ಓಡುತ್ತಿರುವ ಪ್ರೋಗ್ರಾಂಗೆ ಆಮೇಲೆ ಹಚ್ಚಿದರೆ ಅದು ಕೆಲಸಕ್ಕೆ ಬರಲ್ಲ. ಮನೆಗೆ ಬಂದು ಡಿಡಿ ಕಮಾಂಡಿನಿಂದ ಒಂದೊಂದೇ ಬೈಟ್ ನಕಲು ಮಾಡಿಸಿ ಅಳೆದೆ. ಎಸ್‌ಟ್ರೇಸ್ ಇದ್ದಾಗ ನೂರು ಪಟ್ಟಿಗಿಂತ ಜಾಸ್ತಿ ನಿಧಾನ.

ಆಮೇಲೆ ದಾರಿ ಬದಲಿಸಿದೆ. ನಾವು ಪ್ರೋಗ್ರಾಂ ಹಿಡಿಯೋದು ಬೇಡ, ಕರ್ನಲ್ ತಾನೇ ನೋಡಿ ಬರೆದಿಡಲಿ. ಹಾಗೆ ಬರೆದಿಡುವ ಎಫ್‌ಟ್ರೇಸ್ 2008 ರಿಂದ, ಅಂದರೆ 2.6.27 ರಿಂದ ಕರ್ನಲ್‌ನಲ್ಲೇ ಇದೆ. ಪ್ರೋಗ್ರಾಂ ಒಳಗಿನ ಬೇಕಾದ ಜಾಗದ ಮೇಲೆ ಕಣ್ಣಿಡುವ ಯುಪ್ರೋಬ್ 3.5 ರಲ್ಲಿ ಬಂತು. 3.10 ಹಳೆಯದು ಅಂತ ನಕ್ಕವರಿಗೆ ಇದು ನೆನಪಿರಲಿಲ್ಲ. ಹೊಸ ಕರ್ನಲ್‌ಗಳ ಟೂಲ್ ಬಿಪಿಎಫ್‌ಟ್ರೇಸ್ ಇದ್ದಿದ್ದರೆ ಒಂದೇ ಸಾಲಿನ ಕೆಲಸ, ನನ್ನ ಲ್ಯಾಪ್‌ಟಾಪಿನಲ್ಲಿ ಹಾಗೆ ಮಾಡಿ ಹಿಸ್ಟೋಗ್ರಾಂ ಬರೆಸಿ ಖುಷಿಪಟ್ಟೆ. ಕಾರ್ಖಾನೆಯಲ್ಲಿ ಆ ಭಾಗ್ಯ ಇಲ್ಲ. ಕರ್ನಲ್‌ನ ಡೀಬಗ್‌ಎಫ್‌ಎಸ್ ಒಳಗಿನ ಟ್ರೇಸಿಂಗ್ ಫೋಲ್ಡರಿನಲ್ಲಿ ಬರೆಯೋಕೆ ಎಕೋ, ಓದೋಕೆ ಕ್ಯಾಟ್, ಅಷ್ಟೇ.

ಆನ್ ಮಾಡಿದ್ದು ಫ್ಯೂಟೆಕ್ಸ್, ಎಫ್‌ಸಿಂಕ್ ಎರಡರದೂ ಪ್ರವೇಶ-ನಿರ್ಗಮನ, ಜೊತೆಗೆ ಶೆಡ್ಯೂಲರ್ ಸ್ವಿಚ್, ಅಂದರೆ ಸಿಪಿಯು ಯಾರಿಂದ ಯಾರಿಗೆ ಹೋಯಿತು ಅನ್ನೋದು. ಆ ಗದ್ದಲದ ಐಒಸಿಟಿಎಲ್ ಮುಟ್ಟಲೇ ಇಲ್ಲ. ಫ್ಯೂಟೆಕ್ಸ್ ಯಾಕೆ ಅಂದ್ರೆ, ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರಿಗೇ ಸಿಗುವ ಲಾಕ್) ಜಗಳ ಇಲ್ಲದಾಗ ಫ್ಯೂಟೆಕ್ಸ್ ಕಾಲ್ ಮೂಲಕ ಕರ್ನಲ್ ತನಕ ಬರುವುದೇ ಇಲ್ಲ. ಬಂದಿದೆ ಅಂದ್ರೆ ಯಾರೋ ಯಾರಿಗೋ ಕಾಯುತ್ತಿದ್ದಾರೆ ಅಂತಲೇ ಅರ್ಥ. ಆಬ್ಜ್‌ಡಂಪ್‌ನಿಂದ ಬೈನರಿ ಬಿಚ್ಚಿ ಪ್ರೋಗ್ರಾಂನ ಲಾಗ್ ಬರೆಯುವ ಫಂಕ್ಷನ್ನಿನ ಆಫ್‌ಸೆಟ್ (ಫೈಲಿನಲ್ಲಿ ಅದು ಇರುವ ಜಾಗ) ಹುಡುಕಿ ಅಲ್ಲೊಂದು ಯುಪ್ರೋಬ್ ಕೂಡ ಇಟ್ಟೆ. ಫಂಕ್ಷನ್‌ಗಳ ಹೆಸರು ಹೇಳುವ ಸಿಂಬಲ್ ಒಂದೂ ಇರಲಿಲ್ಲ, ಅದಕ್ಕೇ ಎರಡು ರಾತ್ರಿ ಹೋಯಿತು. ಯುಪ್ರೋಬ್ ಆ ಜಾಗದಲ್ಲಿ ಒಂದು ಬೈಟಿನ ಬ್ರೇಕ್‌ಪಾಯಿಂಟ್ ಇಡುತ್ತದೆ, ಮೆಮೊರಿಯ ನಕಲಿನಲ್ಲಿ ಮಾತ್ರ, ಡಿಸ್ಕಿನ ಫೈಲ್ ಹಾಗೇ ಇರುತ್ತದೆ. ಟ್ರೇಸರ್‌ಪಿಡ್ ಕೂಡ 0 ಆಗೇ ಉಳಿಯುತ್ತದೆ. ಕಾವಲುಗಾರನಿಗೆ ಸುಳಿವೇ ಇಲ್ಲ!

ಟ್ರೇಸ್ ತುಂಬಿಡುವ ಬಫರ್ ಚಿಕ್ಕದು, ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ತಪ್ಪು ಯಾವಾಗ ಆಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಅದಕ್ಕೆ ಕಾಟಾ ಕ್ಲರ್ಕನ್ನೇ ಸೇರಿಸಿಕೊಂಡೆ. ಪಕ್ಕದಲ್ಲಿ ಒಂದು ಹಳೇ ಕೀಬೋರ್ಡ್ ಇಟ್ಟು, "ಅಣ್ಣಾ, ಮೀಟರಿಗೂ ಪರದೆಗೂ ತೂಕ ಬೇರೆ ಬಂದ ಕೂಡಲೇ ಇದನ್ನ ಒತ್ತು" ಅಂದೆ. ಒತ್ತಿದರೆ ಟ್ರೇಸ್ ಮಾರ್ಕರ್ ಫೈಲಿಗೆ ಒಂದು ಸಾಲು ಬೀಳುತ್ತದೆ, ಎರಡು ಸೆಕೆಂಡ್ ಬಿಟ್ಟು ಟ್ರೇಸಿಂಗ್ ಆಫ್ ಆಗಿ ಬಫರ್ ನಕಲಾಗುತ್ತದೆ. "ಇಷ್ಟs ಏನ್ರೀ ಸರ?" ಅಂದ. ಇಷ್ಟೇ. ಈ ಇಡೀ ಕೆಲಸದಲ್ಲಿ ನನಗೆ ಬಹಳ ಹೆಮ್ಮೆ ಇರೋದು ಈ ಕೀಬೋರ್ಡಿನ ಬಗ್ಗೆ.

ಮೊದಲ ರಾತ್ರಿಯೇ ಐದಾರು ಸಿಕ್ಕವು. ಎಲ್ಲದರಲ್ಲೂ ಒಂದೇ ಚಿತ್ರ. ಲಾಗ್ ಬರೆಯುವ ಥ್ರೆಡ್ (ಪ್ರೋಗ್ರಾಂ ಒಳಗೇ ಬೇರೆಯಾಗಿ ಓಡುವ ಒಂದು ಭಾಗ) ಲಾಕ್ ಹಿಡಿದುಕೊಂಡೇ ಎಫ್‌ಸಿಂಕ್ ಒಳಗೆ ಹೋಗುತ್ತದೆ, ಎಂಟು-ಹತ್ತು ಸೆಕೆಂಡ್ ಹೊರಗೆ ಬರಲ್ಲ. ಸೀರಿಯಲ್ ಓದುವ ಥ್ರೆಡ್ ಅದೇ ಲಾಕಿಗೆ ಫ್ಯೂಟೆಕ್ಸ್‌ನಲ್ಲಿ ಕಾಯುತ್ತಿರುತ್ತದೆ. ಸಿಕ್ಕಿಬಿದ್ದ ಹೊತ್ತಿಗೆ ಸರಿಯಾಗಿ ಒಂದು ಸಲ ಲಾಗ್ ಥ್ರೆಡ್ಡಿನ ಪ್ರೊಕ್ ಸ್ಟ್ಯಾಕ್ ಫೈಲ್ ನೋಡಿದೆ. ಮೇಲೆ ಜೆಬಿಡಿ2 ಲಾಗ್ ವೇಟ್ ಕಮಿಟ್, ಅದರ ಕೆಳಗೆ ಎಕ್ಸ್‌ಟಿ4 ಸಿಂಕ್ ಫೈಲ್. ಅಂದರೆ ಫೈಲ್ ಸಿಸ್ಟಂ ತನ್ನ ಜರ್ನಲ್ಲನ್ನು, ಬದಲಾವಣೆಗಳ ದಾಖಲೆಯನ್ನು, ಡಿಸ್ಕಿಗೆ ಇಳಿಸಲಿ ಅಂತ ಕಾಯುತ್ತಿದೆ.

ಅಷ್ಟರಲ್ಲಿ ಮೀಟರ್ ಸುಮ್ಮನಿರಲ್ಲ. ಸುಮಾರು 18 ಬೈಟಿನ ಫ್ರೇಮ್, ಸೆಕೆಂಡಿಗೆ ಹತ್ತರಂತೆ ಕಳಿಸುತ್ತಲೇ ಇರುತ್ತದೆ. ಸೀರಿಯಲ್ ಪೋರ್ಟಿಗೆ ಬಂದದ್ದನ್ನು ಕರ್ನಲ್ ಇಟ್ಟುಕೊಳ್ಳುವ ಟಿಟಿವೈ ಓದುವ ಬಫರ್ 4096 ಬೈಟ್. ಲೆಕ್ಕ ಹಾಕಿ, ಇಪ್ಪತ್ತು ಸೆಕೆಂಡಿಗೂ ಜಾಸ್ತಿ ಹಿಂದಿನ ತೂಕ ಅಲ್ಲಿ ಆರಾಮಾಗಿ ಕೂತಿರಬಹುದು. ಲಾಕ್ ಬಿಟ್ಟ ಮೇಲೆ ಪ್ರೋಗ್ರಾಂ ಹಳೇ ಫ್ರೇಮ್‌ನಿಂದ ಓದೋಕೆ ಶುರು ಮಾಡುತ್ತದೆ, ಒಂದೊಂದು ಫ್ರೇಮಿಗೂ ಪರದೆ ಹೊಸದಾಗಿ ಬರೆಯುತ್ತದೆ. ಆ ಗ್ಯಾಪಿನಲ್ಲಿ ಕ್ಲರ್ಕ್ ಸೇವ್ ಒತ್ತಿದರೆ, ಅದೇ ಗಾಡಿಯ ಹಿಂಬದಿಯ ಟ್ರೇಲರ್ ಇನ್ನೂ ಕಾಟಾ ಹತ್ತುತ್ತಿದ್ದಾಗಿನ ತೂಕ ಚೀಟಿಗೆ ಬರುತ್ತದೆ. ಅದಕ್ಕೇ ಕಡಿಮೆ.

ಹಾಗಾದರೆ ರಾತ್ರಿಯೇ ಯಾಕೆ? ಡಿಸ್ಕಿಗೆ ಯಾರು ಬರೆಯುತ್ತಾರೆ ಅಂತ ತೋರಿಸುವ ಬ್ಲಾಕ್ ಟ್ರೇಸ್‌ಪಾಯಿಂಟ್ ಆನ್ ಮಾಡಿದೆ. ಡಿಸ್ಕ್ ತುಂಬ ಬರೆಯುತ್ತಿದ್ದದ್ದು ಗೇಟ್ ಕ್ಯಾಮೆರಾದ ರೆಕಾರ್ಡಿಂಗ್ ಪ್ರೋಗ್ರಾಂ. ಯಾರೋ ಅದನ್ನೂ ಇದೇ ಸರ್ವರಿಗೆ, ಇದೇ ಹಾರ್ಡ್ ಡಿಸ್ಕಿಗೆ ಹಾಕಿದ್ದರು. ಅಲುಗಾಟ ಕಂಡಾಗ ಮಾತ್ರ ರೆಕಾರ್ಡ್ ಮಾಡುವ ಸೆಟ್ಟಿಂಗ್. ಕತ್ತಲಲ್ಲಿ ಟ್ರ್ಯಾಕ್ಟರ್‌ಗಳ ಹೆಡ್‌ಲೈಟ್ ಹೊರಳಿದ್ದೆಲ್ಲಾ ಅದಕ್ಕೆ ಅಲುಗಾಟವೇ. ನಾಲ್ಕೂ ಕ್ಯಾಮೆರಾ ಒಟ್ಟಿಗೆ ಬರೆಯೋಕೆ ಶುರು. ಜರ್ನಲ್ ಎಲ್ಲರಿಗೂ ಒಂದೇ, ಹಾಗಾಗಿ ನಮ್ಮ ಚಿಟಿಕೆಯಷ್ಟು ಲಾಗ್ ಆ ವಿಡಿಯೋ ಹಿಂದೆ ಸಾಲು ನಿಲ್ಲುತ್ತದೆ.

ನಡುವೆ ಒಂದು ಕುಚೇಷ್ಟೆ ಮಾಡಿದೆ. ಹೊರಗಿನಿಂದಲೇ ಅದೇ ಪೋರ್ಟ್ ತೆರೆದು ಬಫರ್ ಖಾಲಿ ಮಾಡುವ ಸಣ್ಣ ಸ್ಕ್ರಿಪ್ಟ್ ಬರೆದು ಓಡಿಸಿದೆ. ಹಳೇ ತೂಕ ಹೋಯಿತು, ಜೊತೆಗೆ ಅರ್ಧ ಫ್ರೇಮ್ ಕೂಡ ತುಂಡಾಗಿ ಪರದೆ ಮೇಲೆ ಚಿತ್ರವಿಚಿತ್ರ ಅಂಕಿ ಬಂತು. ತೂಕದ ವಿಷಯದಲ್ಲಿ ಆಟ ಬೇಡ ಅಂತ ತೆಗೆದುಹಾಕಿದೆ.

ಪರಿಹಾರ ಸಪ್ಪೆ. ಮೂರೂವರೆ ಸಾವಿರದ ಆಸುಪಾಸಿನ ಒಂದು ಎಸ್‌ಎಸ್‌ಡಿ ತಂದು ಕಾಟಾದ ಡೇಟಾ ಮತ್ತು ಲಾಗ್ ಅದಕ್ಕೆ ಸಾಗಿಸಿದೆ. ಕ್ಯಾಮೆರಾ ಮುಟ್ಟಲಿಲ್ಲ. ಎಫ್‌ಸಿಂಕ್ ಈಗ ಕೆಲವೇ ಮಿಲಿಸೆಕೆಂಡ್, ಬಹಳ ಕೆಟ್ಟ ರಾತ್ರಿ 40-50. ಕ್ಲರ್ಕ್ ಆಮೇಲೂ ಕೀಬೋರ್ಡ್ ಇಟ್ಟುಕೊಂಡಿದ್ದ, ಒತ್ತುವ ಪ್ರಸಂಗ ಬರಲಿಲ್ಲ. ಸಾಫ್ಟ್‌ವೇರ್ ಕಂಪನಿಗೆ ಟ್ರೇಸ್ ಕಳಿಸಿ, ಲಾಕ್ ಹಿಡಿದು ಎಫ್‌ಸಿಂಕ್ ಮಾಡಬೇಡಿ ಅಂತ ಬರೆದೆ. "ನೋಡುತ್ತೇವೆ" ಅಂತ ಉತ್ತರ ಬಂತು. ಒಪ್ಪಿದ 25 ರಲ್ಲಿ 20 ಸಾವಿರ ಕೈಗೆ ಬಂದಿದೆ, ಉಳಿದದ್ದು ಹಂಗಾಮು ಮುಗಿದ ಮೇಲಂತೆ.

ನೀವು ಮಾಡುವುದಾದರೆ ಒಂದು ಎಚ್ಚರಿಕೆ. ಯುಪ್ರೋಬ್ ಸ್ಕ್ರಿಪ್ಟನ್ನು ಬೂಟ್ ಆಗುವಾಗ ತಾನೇ ಓಡುವ ಹಾಗೆ ಇಡಬೇಡಿ. ಕಂಪನಿ ಹೊಸ ಬೈನರಿ ಹಾಕಿದ ದಿನ ಫಂಕ್ಷನ್ ಬೇರೆ ಕಡೆ ಸರಿದಿರುತ್ತದೆ. ಹಳೇ ಆಫ್‌ಸೆಟ್‌ನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟರೆ ಅದು ಯಾವುದೋ ಇನ್‌ಸ್ಟ್ರಕ್ಷನ್ನಿನ ನಡುಮಧ್ಯೆ ಬೀಳಬಹುದು, ಆಗ ಪ್ರೋಗ್ರಾಂ ಬೀಳುತ್ತದೆ. ನಾನು ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಬೈನರಿಯ ಚೆಕ್‌ಸಮ್ ಹೋಲಿಸಿ, ಬೇರೆ ಇದ್ದರೆ ಅಲ್ಲೇ ನಿಲ್ಲುವ ಹಾಗೆ ಮಾಡಿದ್ದೇನೆ.