ಮೀಟರ್ ಬೋರ್ಡಿನಿಂದ ತೋಟದ ಪಂಪ್‌ಮನೆಗೆ: ನೆಲದಡಿ ಕೇಬಲ್ ಹಾಕುವುದು ಹೇಗೆ?

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆ ದಿಬ್ಬದ ಮೇಲೆ, ಅಡಿಕೆ ತೋಟ ಅದರ ಕೆಳಗಿನ ಕಣಿವೆಯಲ್ಲಿ ಇರುವುದೇ ಹೆಚ್ಚು. ಮೀಟರ್ ಬೋರ್ಡಿನಿಂದ ಪಂಪ್‌ಮನೆಗೆ ನೂರಿನ್ನೂರು ಮೀಟರ್ ವಿದ್ಯುತ್ ಒಯ್ಯಬೇಕಾದಾಗ ಕಂಬ ನೆಟ್ಟು ತಂತಿ ಎಳೆಯುವುದು ಅಗ್ಗದ ದಾರಿ. ಆದರೆ ಮಳೆಗಾಲದಲ್ಲಿ ಒಂದು ಒಣಮರ ಮುರಿದು ಬಿದ್ದರೂ ಆ ತಂತಿ ನೆಲಕ್ಕೆ ಬರುತ್ತದೆ. ಕೊನೆ (ಅಡಿಕೆ ಗೊನೆ) ಕೊಯ್ಯಲು, ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಉದ್ದನೆಯ ಲೋಹದ ದೋಟಿ ಹಿಡಿದು ಓಡಾಡುವ ಕೊನೆಗೌಡನಿಗಂತೂ ತಲೆಯ ಮೇಲಿನ ತಂತಿ ಪ್ರಾಣಕ್ಕೇ ಸಂಚಕಾರ. ಇದೊಂದೇ ಕಾರಣಕ್ಕಾದರೂ ತೋಟದೊಳಗಿನ ಮಾರ್ಗ ನೆಲದಡಿಯಲ್ಲಿ ಇರಬೇಕು.

ನೆಲದಡಿಯ ಮಾರ್ಗಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇರುವ ದೊಡ್ಡ ಶತ್ರು ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ನೆನೆದೇ ಇರುತ್ತದೆ; ಪೈಪಿನ ಸಂದುಗಳಿಗೆ ಎಷ್ಟೇ ಅಂಟು ಬಳಿದರೂ ಒಳಗೆ ನೀರು ಸೇರಿಯೇ ಸೇರುತ್ತದೆ. ಆದ್ದರಿಂದ ಒಳಬಂದ ನೀರು ಹೊರಗೆ ಹರಿದುಹೋಗಬೇಕು, ಹೋಗದೆ ಉಳಿದರೂ ಕೇಬಲ್ ಕೆಡಬಾರದು ಎಂಬ ಲೆಕ್ಕದಲ್ಲೇ ಇಡೀ ಕೆಲಸವನ್ನು ಯೋಜಿಸಬೇಕು. ಮುಂದೆ ಹೇಳುವ ಹೆಚ್ಚಿನ ಮಾತುಗಳು ಈ ಲೆಕ್ಕದಿಂದಲೇ ಹುಟ್ಟಿದವು.

ಕೆಲಸಕ್ಕೆ ಇಳಿಯುವ ಮೊದಲು ವಿದ್ಯುತ್ ಕಂಪನಿ ಹೆಸ್ಕಾಂನ ಶಾಖಾ ಕಚೇರಿಯಲ್ಲಿ ವಿಚಾರಿಸಿ, ಯಾವ ಸಂಪರ್ಕದಿಂದ ಪಂಪಿಗೆ ವಿದ್ಯುತ್ ಪಡೆಯಬಹುದು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಅಗೆತ ಮತ್ತು ಪೈಪ್ ಹಾಸುವ ಕೆಲಸವನ್ನು ಮನೆಯವರು ಆಳುಗಳೊಂದಿಗೆ ಮಾಡಿಕೊಳ್ಳಬಹುದು. ಜೋಡಣೆ ಮತ್ತು ಪರೀಕ್ಷೆ ಮಾತ್ರ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರ ಕೆಲಸ. ಮಾರ್ಗ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಮೂಲಕ ಹಾದುಹೋಗುವುದಾದರೆ ಅರಣ್ಯ ಇಲಾಖೆಯನ್ನು ಕೇಳದೆ ಗುದ್ದಲಿ ಹಾಕಬಾರದು.

ಕೇಬಲ್ಲಿನ ಗಾತ್ರ

ಕೇಬಲ್ ಕೊಳ್ಳುವಾಗ ಹೆಚ್ಚಿನವರು ಮೋಟಾರಿನ ಅಶ್ವಶಕ್ತಿಯನ್ನಷ್ಟೇ ಹೇಳುತ್ತಾರೆ, ದೂರವನ್ನೂ ಹೇಳಬೇಕು. 5 ಅಶ್ವಶಕ್ತಿಯ ಮೂರು ಫೇಸ್ ಮೋಟಾರು ಸುಮಾರು 8 ಆಂಪಿಯರ್ ಎಳೆಯುತ್ತದೆ. 200 ಮೀಟರ್ ದೂರಕ್ಕೆ 4 ಚದರ ಮಿ.ಮೀ. ಅಲ್ಯೂಮಿನಿಯಂ ಕೇಬಲ್ ಹಾಕಿದರೆ ದಾರಿಯಲ್ಲೇ ಸುಮಾರು 21 ವೋಲ್ಟ್ ಇಳಿದುಹೋಗುತ್ತದೆ. 10 ಚದರ ಮಿ.ಮೀ. ಆದರೆ ಸುಮಾರು 9 ವೋಲ್ಟ್. ಮೋಟಾರು ಹೊರಡುವ ಕ್ಷಣದಲ್ಲಿ ಕರೆಂಟು ಐದಾರು ಪಟ್ಟು ಏರುವುದರಿಂದ ಇಳಿತವೂ ಆಗ ಹೆಚ್ಚುತ್ತದೆ. ಬೇಸಿಗೆಯಲ್ಲಿ ಮೊದಲೇ ವೋಲ್ಟೇಜ್ ಕಡಿಮೆ ಇರುವ ಹಳ್ಳಿಯ ಮಾರ್ಗದ ತುದಿಯಲ್ಲಿ ಮೋಟಾರಿನ ವೈಂಡಿಂಗ್ ಸುಡುವುದಕ್ಕೆ ಇಷ್ಟೇ ಸಾಕಾದೀತು. ಪೈಪಿನೊಳಗೆ ಹಾಕುವುದಾದರೂ ಉಕ್ಕಿನ ಕವಚವಿರುವ ಆರ್ಮರ್ಡ್ ಕೇಬಲ್ಲನ್ನೇ ಆರಿಸಬೇಕು. ಇಲಿ, ಹೆಗ್ಗಣ, ಮುಳ್ಳುಹಂದಿ ಇರುವ ತೋಟದಲ್ಲಿ ಬರಿಯ ಪ್ಲಾಸ್ಟಿಕ್ ಹೊದಿಕೆಯನ್ನು ನಂಬುವುದು ಸರಿಯಲ್ಲ. ಅಗತ್ಯವಿರುವ ಪೂರ್ತಿ ಉದ್ದವನ್ನು ಒಂದೇ ತುಂಡಾಗಿ ತರಿಸಬೇಕು; ನೆಲದಡಿಯಲ್ಲಿ ಹಾಕಿದ ಪ್ರತಿಯೊಂದು ಜಾಯಿಂಟೂ ಮುಂದೊಂದು ದಿನ ನೀರು ಕುಡಿಯುವ ಜಾಗ.

ಅಗೆತ

ಕೆಲಸಕ್ಕೆ ಒಳ್ಳೆಯ ಕಾಲ ಮಳೆ ಬಿಟ್ಟ ನಂತರದ ಅಕ್ಟೋಬರ್ ಕೊನೆ ಮತ್ತು ನವೆಂಬರ್. ಆಗ ನೆಲ ಇನ್ನೂ ಮೆದು. ಚಿರೆಕಲ್ಲಿನ (ಕೆಂಪು ಮುರಕಲ್ಲಿನ) ನೆಲ ಗಾಳಿ ಬಿಸಿಲಿಗೆ ಒಣಗಿದಷ್ಟೂ ಗಟ್ಟಿಯಾಗುವುದರಿಂದ ಮಾರ್ಚ್‌ವರೆಗೆ ಮುಂದೂಡಿದರೆ ಅದೇ ಜಾಗಕ್ಕೆ ಹಾರೆ, ಪಿಕಾಸಿಯೊಂದಿಗೆ ದುಪ್ಪಟ್ಟು ಬೆವರು ಸುರಿಸಬೇಕಾಗುತ್ತದೆ.

ಸುಣ್ಣದ ಪುಡಿಯಿಂದ ದಾರಿಯನ್ನು ಗುರುತಿಸಿ. ಅಡಿಕೆ ಮರಕ್ಕೆ ತಾಯಿಬೇರು ಇಲ್ಲ. ನಾರುಬೇರುಗಳು ಬುಡದ ಸುತ್ತ ಒಂದು ಮೀಟರಿನೊಳಗೇ ಹೆಚ್ಚಾಗಿ ಹರಡಿರುತ್ತವೆ. ಆದ್ದರಿಂದ ಎರಡು ಸಾಲುಗಳ ನಟ್ಟನಡುವೆ ಹೋಗುವುದೇ ಸರಿ, ಮತ್ತು ಅಲ್ಲಿ ಜೆಸಿಬಿ ಇಳಿಸಕೂಡದು. ಬಸಿಗಾಲುವೆಯ ಒಳಗೆ ಅಥವಾ ಅದರ ಅಂಚಿಗೆ ಒತ್ತಿ ಕೇಬಲ್ ಹಾಕುವುದು ತಪ್ಪು. ವರ್ಷವೂ ಕಾಲುವೆ ಬಿಡಿಸುವಾಗ ಗುದ್ದಲಿ ಏಟು ಬೀಳುವುದು ಅಲ್ಲೇ. ಕಾಲುವೆಯನ್ನು ದಾಟಲೇಬೇಕಾದರೆ ಅಡ್ಡಲಾಗಿ, ಅದರ ತಳಕ್ಕಿಂತ ಸಾಕಷ್ಟು ಕೆಳಗೆ ದಾಟಿಸಬೇಕು.

ಭಾರತೀಯ ಮಾನಕ ಐಎಸ್ 1255ರ ಪ್ರಕಾರ ಇಂಥ ಕೇಬಲ್ ಕನಿಷ್ಠ 75 ಸೆಂ.ಮೀ. ಆಳದಲ್ಲಿರಬೇಕು, ರಸ್ತೆಯ ಅಡಿಯಲ್ಲಿ 1 ಮೀಟರ್. ಅಡಿಯ ಹಾಸಿಗೆಯ ದಪ್ಪವನ್ನೂ ಸೇರಿಸಿ ತೋಟದಲ್ಲಿ 90 ಸೆಂ.ಮೀ. ಆಳ, 30ರಿಂದ 40 ಸೆಂ.ಮೀ. ಅಗಲ ಅಗೆದರೆ ಸರಿಹೋಗುತ್ತದೆ. ಎತ್ತಿದ ಮಣ್ಣನ್ನು ಅಂಚಿಗೆ ಒತ್ತಿ ಸುರಿಯದೆ ಎರಡಡಿ ದೂರ ಹಾಕಬೇಕು. ಕಾರವಾರ, ಅಂಕೋಲಾ, ಕುಮಟಾದ ಮರಳು ನೆಲದಲ್ಲಿ ಅಗೆತ ಸುಲಭ, ಆದರೆ ಗೋಡೆ ನಿಲ್ಲುವುದಿಲ್ಲ; ಬದಿಗಳನ್ನು ಇಳಿಜಾರಾಗಿ ಕಡಿದು, ಅಗೆದಷ್ಟನ್ನು ಅಂದೇ ಹಾಸಿ ಮುಚ್ಚುವುದು ಒಳ್ಳೆಯದು. ಚಿರೆಯ ಬಂಡೆ ಅಡ್ಡ ಬಂದು ಪೂರ್ತಿ ಆಳ ಸಿಗದೆಡೆ ಪೈಪಿನ ಮೇಲೆ ಕಾಂಕ್ರೀಟ್ ಹಾಕಿ ಗಟ್ಟಿಮಾಡಬೇಕು.

ಪೈಪ್ ಹಾಸುವುದು

ಕೇಬಲ್ಲಿಗೆಂದು ಅಗೆದ ಚರಂಡಿಯ ತಳದಲ್ಲಿ ಮರಳು ಅಥವಾ ಕಲ್ಲಿಲ್ಲದಂತೆ ಜರಡಿ ಹಿಡಿದ ಮಣ್ಣನ್ನು 8 ಸೆಂ.ಮೀ.ನಷ್ಟು ಹಾಸಿ. ನಮ್ಮ ಇಳಿಜಾರಿನ ಜಾಗಗಳಲ್ಲಿ ಇಲ್ಲೊಂದು ಅಪಾಯವಿದೆ. ಹೊಸದಾಗಿ ಮುಚ್ಚಿದ ಚರಂಡಿಯೇ ಮಳೆನೀರಿಗೆ ದಾರಿಯಾಗಿ, ಪೈಪಿನ ಸುತ್ತಲಿನ ಮರಳನ್ನೆಲ್ಲ ಕೆಳಗಿನ ತೋಟಕ್ಕೆ ಒಯ್ಯುತ್ತದೆ. ಎರಡು ಮಳೆಗಾಲ ಕಳೆಯುವುದರೊಳಗೆ ಪೈಪು ಟೊಳ್ಳಿನಲ್ಲಿ ನೇತಾಡುತ್ತಿರುತ್ತದೆ. ಇದನ್ನು ತಡೆಯಲು ಇಳಿಜಾರು ಕಡಿದಾದಲ್ಲೆಲ್ಲ ನಾಲ್ಕೈದು ಮೀಟರಿಗೊಂದರಂತೆ ಚರಂಡಿಗೆ ಅಡ್ಡಲಾಗಿ ಜೇಡಿಮಣ್ಣು ಮತ್ತು ಕಲ್ಲಿನ ಸಣ್ಣ ಒಡ್ಡನ್ನು ಪೈಪಿನ ಸುತ್ತ ಒತ್ತಿ ಕಟ್ಟಬೇಕು.

ಇದಕ್ಕೆ ಎರಡು ಗೋಡೆಗಳ, ಹೊರಮೈ ಅಲೆಅಲೆಯಾಗಿರುವ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪು, ಅಂದರೆ ಅಂಗಡಿಯವರು ಡಿಡಬ್ಲ್ಯೂಸಿ ಎನ್ನುವುದು, ಸೂಕ್ತ. ತೋಟಕ್ಕೆ ನೀರು ಹಾಯಿಸುವ ಕಪ್ಪು ಪೈಪು ಉಳಿದಿದೆಯೆಂದು ಅದನ್ನೇ ಹಾಕುವವರಿದ್ದಾರೆ. ಮುಂದೆಂದೋ ನೀರಿನ ಲೈನ್ ದುರಸ್ತಿಗೆ ಬಂದವರು ಅದಕ್ಕೆ ಗರಗಸ ಹಾಕುವ ಸಾಧ್ಯತೆಯಿದೆ. ಆದ್ದರಿಂದ ಬೇರೆ ಬಣ್ಣದ್ದೇ ಇರಲಿ. ಪೈಪಿನ ಒಳವ್ಯಾಸ ಕೇಬಲ್ಲಿನ ವ್ಯಾಸದ ಎರಡು ಪಟ್ಟಿಗೆ ಕಡಿಮೆ ಇರಬಾರದು. ತಿರುವುಗಳು ಅಗಲವಾಗಿರಬೇಕು: ಆರ್ಮರ್ಡ್ ಕೇಬಲ್ಲನ್ನು ಅದರ ವ್ಯಾಸದ 12 ಪಟ್ಟಿಗಿಂತ ಕಿರಿದಾದ ತ್ರಿಜ್ಯದಲ್ಲಿ ಬಗ್ಗಿಸಬಾರದು. ಎರಡು ಲಂಬಕೋನದ ತಿರುವುಗಳಾದ ಮೇಲೆ ಒಂದು ಚೇಂಬರ್ (ಮುಚ್ಚಳವಿರುವ ಗುಂಡಿ) ಕಟ್ಟಿದರೆ ಕೇಬಲ್ ಎಳೆಯುವುದು ಸುಲಭವಾಗುತ್ತದೆ. ಪೈಪು ಎಲ್ಲಿಯೂ ತೊಟ್ಟಿಲಿನಂತೆ ನಡುವೆ ಇಳಿದು ಮತ್ತೆ ಏರಬಾರದು. ತಗ್ಗು ತಪ್ಪಿಸಲಾಗದಿದ್ದರೆ ಆ ಜಾಗದಲ್ಲೇ ತಳಕ್ಕೆ ಜಲ್ಲಿ ತುಂಬಿದ, ತಳ ಕಟ್ಟದ ಚೇಂಬರ್ ಮಾಡಿ, ನೀರು ಅಲ್ಲಿ ಇಂಗಿಹೋಗಲು ಬಿಡಬೇಕು.

ಜೋಡಿಸುತ್ತ ಹೋದಂತೆ ಒಳಗೆ ನೈಲಾನ್ ಹಗ್ಗ ತೂರಿಸಿ, ತುದಿಗಳನ್ನು ಮುಚ್ಚಿಡಿ. ಒಂದೇ ರಾತ್ರಿ ತೆರೆದಿಟ್ಟರೂ ಕಪ್ಪೆ, ಇಲಿ, ಇರುವೆ ಹೊಕ್ಕುತ್ತವೆ. ಕೇಬಲ್ ಸುರುಳಿಯನ್ನು ಉರುಳಿಸಿ ಬಿಚ್ಚಬೇಕು, ಎಳೆದು ಬಿಚ್ಚಿದರೆ ತಿರುಚಿಕೊಳ್ಳುತ್ತದೆ. ಜಾರಲೆಂದು ಗ್ರೀಸ್ ಅಥವಾ ಎಣ್ಣೆ ಬಳಿಯಬಾರದು, ಅದು ಹೊದಿಕೆಯನ್ನು ಕೆಡಿಸುತ್ತದೆ; ಕೇಬಲ್ ಎಳೆಯಲೆಂದೇ ಸಿಗುವ ಜಾರುದ್ರವ ಬಳಸಬೇಕು. ಕತ್ತರಿಸಿದ ತುದಿಗೆ ಒಡನೆಯೇ ಟೇಪ್ ಸುತ್ತದಿದ್ದರೆ ಎಳೆಗಳ ಸಂದಿನಲ್ಲಿ ನೀರು ಮೀಟರುಗಟ್ಟಲೆ ಒಳಗೆ ಹೋಗುತ್ತದೆ. ಎರಡೂ ತುದಿಗಳಲ್ಲಿ ಒಂದೆರಡು ಮೀಟರ್ ಹೆಚ್ಚಿಗೆ ಬಿಡಿ.

ಅರ್ಥಿಂಗ್

ಚಿರೆಕಲ್ಲಿನ ಒಣ ನೆಲ ವಿದ್ಯುತ್ತನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅರ್ಥ್ ಪಿಟ್ಟಿನ, ಅಂದರೆ ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಗುಂಡಿಯ, ರೋಧ 20 ಓಮ್ ಇದೆಯೆನ್ನಿ; 230 ವೋಲ್ಟ್ ಸೋರಿದರೂ ನೆಲಕ್ಕೆ ಹರಿಯುವುದು ಹನ್ನೊಂದೂವರೆ ಆಂಪಿಯರ್ ಮಾತ್ರ. 32 ಆಂಪಿಯರಿನ ಎಂಸಿಬಿ (ಕರೆಂಟು ಮಿತಿ ಮೀರಿದಾಗ ತಾನೇ ಕಡಿತಗೊಳ್ಳುವ ಸ್ವಿಚ್) ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಮೋಟಾರಿನ ಮೈಯಲ್ಲಿ ವಿದ್ಯುತ್ ಹಾಗೆಯೇ ನಿಂತಿರುತ್ತದೆ. ಬರಿಗಾಲಲ್ಲಿ, ಒದ್ದೆ ನೆಲದಲ್ಲಿ ನಿಂತು ಪಂಪ್ ಮುಟ್ಟುವವರ ಜೀವ ಉಳಿಸುವುದು ಸೋರಿಕೆಯನ್ನು ಗುರುತಿಸಿ ಕಡಿತಗೊಳಿಸುವ ಆರ್‌ಸಿಸಿಬಿ. ಪಂಪ್‌ಮನೆಯ ಪ್ಲಗ್ ಪಾಯಿಂಟುಗಳಿಗೆ ಅದು 30 ಮಿಲಿಆಂಪಿಯರಿನದ್ದಾಗಿರಬೇಕು. ದುಡ್ಡು ಉಳಿಸಲು ಈ ಒಂದನ್ನು ಮಾತ್ರ ಕೈಬಿಡಬೇಡಿ. ಕೇಬಲ್ಲಿನ ಉಕ್ಕಿನ ಕವಚವನ್ನು ಗ್ಲ್ಯಾಂಡ್ (ಕೇಬಲ್ ಪೆಟ್ಟಿಗೆಯೊಳಗೆ ಹೋಗುವಲ್ಲಿ ಬಿಗಿಯುವ ಲೋಹದ ಹಿಡಿಕೆ) ಮೂಲಕ ಅರ್ಥಿಗೆ ಜೋಡಿಸಿ, ಪಂಪ್‌ಮನೆಯ ಬಳಿ ಬೇಸಿಗೆಯಲ್ಲೂ ತೇವ ಇರುವ ಕಡೆ ಇನ್ನೊಂದು ಅರ್ಥ್ ಪಿಟ್ ಮಾಡಿಸಬೇಕು. ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣದ ಪೆಟ್ಟಿಗೆ ಬಾಳುವುದಿಲ್ಲ. ಅಲ್ಲಿ ಪ್ಲಾಸ್ಟಿಕ್ಕಿನ ಜಲನಿರೋಧಕ ಪೆಟ್ಟಿಗೆಯೂ, ಅಲ್ಯೂಮಿನಿಯಂ ತಂತಿ ತಾಮ್ರಕ್ಕೆ ಸೇರುವಲ್ಲಿ ಒಂದು ಬದಿ ಅಲ್ಯೂಮಿನಿಯಂ, ಇನ್ನೊಂದು ಬದಿ ತಾಮ್ರ ಇರುವ ಲಗ್ಗೂ (ತಂತಿಯ ತುದಿಗೆ ಒತ್ತಿ ಕೂರಿಸುವ ತುಂಡು) ಬೇಕು.

ಮುಚ್ಚುವುದು

ಮುಚ್ಚುವ ಮೊದಲು 500 ವೋಲ್ಟಿನ ಮೆಗ್ಗರ್‌ನಿಂದ (ಹೆಚ್ಚಿನ ರೋಧವನ್ನು ಅಳೆಯುವ ಉಪಕರಣ) ಇನ್ಸುಲೇಶನ್, ಅಂದರೆ ತಂತಿಯ ವಿದ್ಯುತ್ ನಿರೋಧಕ ಹೊದಿಕೆ, ಪರೀಕ್ಷಿಸಬೇಕು. 1 ಮೆಗಾಓಮ್ ಕನಿಷ್ಠ ಮಿತಿ, ಹೊಸ ಕೇಬಲ್ ಅದಕ್ಕಿಂತ ಬಹಳ ಹೆಚ್ಚು ತೋರಿಸಬೇಕು. ಮನೆಯ ಮೂಲೆ, ಬಾವಿಕಟ್ಟೆಯಂಥ ಕದಲದ ಗುರುತುಗಳಿಂದ ಟೇಪ್ ಹಿಡಿದು ಅಳೆದು, ತೆರೆದ ಚರಂಡಿಯ ಫೋಟೊ ತೆಗೆದು, ನಕ್ಷೆಯ ಒಂದು ಪ್ರತಿಯನ್ನು ಮೀಟರ್ ಬೋರ್ಡಿನ ಬಾಗಿಲಿನ ಒಳಬದಿಗೆ ಅಂಟಿಸಿ. ಪೈಪಿನ ಮೇಲೆ 10 ಸೆಂ.ಮೀ. ಮರಳು, ಅದರ ಮೇಲೆ ಸಾಲಾಗಿ ಮಂಗಳೂರು ಹೆಂಚು. ಮಾಡು (ಛಾವಣಿ) ಬದಲಿಸಿದ ಮನೆಗಳ ಹಿತ್ತಿಲಲ್ಲಿ ರಾಶಿ ಬಿದ್ದಿರುವ ಹಳೆಯ ಹೆಂಚುಗಳು ಇದಕ್ಕೆ ಚೆನ್ನಾಗಿ ಒದಗುತ್ತವೆ: ಹಾರೆ ತಗುಲಿದೊಡನೆ ಸದ್ದು ಮಾಡಿ ಅಗೆಯುವವರನ್ನು ಎಚ್ಚರಿಸುತ್ತವೆ. ನೆಲಮಟ್ಟಕ್ಕಿಂತ ಒಂದಡಿ ಕೆಳಗೆ ಎಚ್ಚರಿಕೆಯ ಟೇಪ್ ಹಾಸಿ, ಮಣ್ಣನ್ನು ಅರ್ಧರ್ಧ ಅಡಿಯ ಪದರಗಳಲ್ಲಿ ದಮ್ಮಸ್ಸು ಮಾಡುತ್ತ ತುಂಬಬೇಕು. ಮೊದಲ ಮಳೆಗೆ ಮಣ್ಣು ಕುಸಿಯುವುದರಿಂದ ಮೇಲೆ ಗೇಣೆತ್ತರ ಮಣ್ಣನ್ನು ಏರಿಸಿ ಬಿಡಬೇಕು. ಮುಚ್ಚಿದ ಮೇಲೆ ಮೆಗ್ಗರ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ, ಎರಡೂ ಅಳತೆಗಳನ್ನು ನಕ್ಷೆಯ ಮೇಲೆಯೇ ದಿನಾಂಕದೊಂದಿಗೆ ಬರೆದಿಡಿ. ಮುಂದಿನ ಅಕ್ಟೋಬರಿನಲ್ಲಿ ಅಳೆದಾಗ ಅಂಕಿ ತೀರಾ ಕುಸಿದಿದ್ದರೆ ಮಳೆಗಾಲದ ನೀರು ಎಲ್ಲೋ ಕೇಬಲ್ಲನ್ನು ತಲುಪಿದೆ ಎಂದು ತಿಳಿದು, ಮೊದಲು ಎರಡು ತುದಿಗಳ ಗ್ಲ್ಯಾಂಡುಗಳನ್ನು ಬಿಚ್ಚಿ ನೋಡಿಸಬೇಕು.