ಬಾಕ್ಸ್‌ಎನ್ ವ್ಯಾಗನ್‌ಗೆ ತುಕ್ಕು ಹಿಡಿಸಿದ್ದು: ನನ್ನ ಅನುಭವ

ಗೂಡ್ಸ್ ರೈಲಿನ ಪುಟ್ಟ ಮಾಡೆಲ್ ವ್ಯಾಗನ್ ಮಾಡಿ, ಹಳೇದಾಗಿ ತುಕ್ಕು ಹಿಡಿದಂಗೆ ಕಾಣಕ್ಕೆ ಬಣ್ಣ ಬಳಿಯೋದು ನನ್ನ ಹವ್ಯಾಸ. ಮೊದಲನೇ ವ್ಯಾಗನ್ ಮುಗಿಸಿ ದೊಡ್ಡಪ್ಪಂಗೆ ತೋರಿಸ್ದಾಗ ಅವರು ಕನ್ನಡಕ ಹಾಕ್ಕೊಂಡು ಎರಡು ಸಲ ತಿರುಗಿಸಿ ನೋಡಿ "ಇದಕ್ಕೆ ಸಿಡುಬು ಎದ್ದಂಗೈತೆ ಕಣಪ್ಪ, ತುಕ್ಕು ಹಿಂಗೆ ಹಿಡಿಯಲ್ಲ" ಅಂದ್ರು. ದೊಡ್ಡಪ್ಪ ಅರಸೀಕೆರೆಲಿ ವ್ಯಾಗನ್ ಫಿಟ್ಟರ್ ಆಗಿದ್ದು ರಿಟೈರ್ ಆದವರು, ಅವರ ಮಾತು ತಳ್ಳಿಹಾಕೋ ಹಂಗಿಲ್ಲ. ನಾನು ವಿಡಿಯೋ ನೋಡ್ಕೊಂಡು ಕಿತ್ತಳೆ ಬಣ್ಣನ ಎಲ್ಲ ಕಡೆ ಸಮನಾಗಿ ಚುಕ್ಕೆ ಚುಕ್ಕೆ ಇಟ್ಟಿದ್ದೆ. "ನೀರು ಎಲ್ಲಿ ನಿಲ್ಲತ್ತೆ, ಯಾವುದು ಎಲ್ಲಿ ತಿಕ್ಕತ್ತೆ, ಅದನ್ನ ಮೊದಲು ನೋಡ್ಕೊಂಡ್ ಬಾ ಹೋಗು" ಅಂದ್ರು.

ಹೋದೆ. ಕ್ಯಾತ್ಸಂದ್ರ ಸ್ಟೇಷನ್‌ನಲ್ಲಿ ಲೂಪ್ ಲೈನ್‌ಗೆ, ಅಂದ್ರೆ ಪಕ್ಕದ ಹಳಿಗೆ, ಗೂಡ್ಸ್ ಹಾಕಿದ್ರೆ ಪ್ಲಾಟ್‌ಫಾರ್ಮ್ ಮೇಲೆ ನಿಂತೇ ಚೆನ್ನಾಗಿ ನೋಡಬಹುದು, ಮೂರು ಭಾನುವಾರ ಬೆಳಿಗ್ಗೆ ಬರೀ ಅದೇ ಕೆಲಸ. ಬಾಕ್ಸ್‌ಎನ್ ಅಂದ್ರೆ ಮೇಲೆ ಮುಚ್ಚಳ ಇಲ್ಲದ ವ್ಯಾಗನ್, ಕಲ್ಲಿದ್ದಲು ಅದಿರು ತುಂಬೋದು, ಪಕ್ಕಕ್ಕೆ ಉದ್ದುದ್ದ ಕಬ್ಬಿಣದ ಪಟ್ಟಿಗಳು ಇರತ್ತಲ್ಲ ಅದು. ನೋಡ್ತಾ ನೋಡ್ತಾ ಗೊತ್ತಾಗಿದ್ದು ಏನಂದ್ರೆ ಅಗಲವಾದ ಜಾಗದ ನಡುವೆ ಬಣ್ಣ ಬರೀ ಮಂಕಾಗಿರತ್ತೆ, ತುಕ್ಕು ಕಮ್ಮಿ. ಪಟ್ಟಿ ಬಂದು ಕೆಳಗೆ ಕೂಡೋ ಮೂಲೆಲಿ, ಬಾಗಿಲ ಕೆಳಗಿನ ಅಂಚಲ್ಲಿ, ಹಿಂಜ್ ಸುತ್ತ, ವೆಲ್ಡಿಂಗ್ ಗೆರೆ ಮೇಲೆ ಮಾತ್ರ ದಟ್ಟವಾಗಿ ಕೂತಿರತ್ತೆ, ಅಲ್ಲಿಂದ ಮಳೆನೀರಿನ ಜೊತೆ ಕೆಳಗೆ ಇಳಿದಿರತ್ತೆ. ಹಳೇ ತುಕ್ಕು ಕಿತ್ತಳೆ ಅಲ್ಲವೇ ಅಲ್ಲ, ಕಾಫಿ ಪುಡಿ ಥರ ಕಪ್ಪು ಕಂದು. ಕಿತ್ತಳೆ ಇರೋದು ಮೊನ್ನೆ ಮೊನ್ನೆ ಕೆತ್ತಿಹೋದ ಜಾಗದಲ್ಲಿ ಅಷ್ಟೇ.

ಇನ್ನೊಂದು ಲೆಕ್ಕ ನಾನು ತಪ್ಪಿದ್ದೆ. ನನ್ನದು ಹೆಚ್‌ಓ ಸ್ಕೇಲ್, 1:87. ಅಂದ್ರೆ ಮಾಡೆಲ್ ಮೇಲೆ 1 ಮಿಲಿಮೀಟರ್ ಅಂದ್ರೆ ನಿಜವಾದ ವ್ಯಾಗನ್ ಮೇಲೆ 8.7 ಸೆಂಟಿಮೀಟರ್. ನಾನು ಸಣ್ಣದು ಅಂದ್ಕೊಂಡು ಇಟ್ಟ 2 ಮಿಲಿಮೀಟರ್ ಚುಕ್ಕೆ ನಿಜದಲ್ಲಿ 17.4 ಸೆಂಟಿಮೀಟರ್, ಒಂದು ಗೇಣಿಗೆ ಸ್ವಲ್ಪ ಕಮ್ಮಿ ಅಷ್ಟೇ! ಅಷ್ಟಗಲ ಬಣ್ಣ ಎದ್ದುಹೋದ ಜಾಗ ಒಂದು ವ್ಯಾಗನ್ ಮೇಲೆ ನೂರು ಕಡೆ ಇರಲ್ಲ. ಆಮೇಲೆ ಸೊನ್ನೆ ಸೊನ್ನೆ ಸೊನ್ನೆ ನಂಬರ್‌ನ ತೀರಾ ಸಣ್ಣ ಬ್ರಷ್ ತಗೊಂಡೆ, ಕಣ್ಣಿಗೆ ಭೂತಗನ್ನಡಿ.

ಎರಡನೇ ವ್ಯಾಗನ್ ಮಾಡಿದ ರೀತಿ ಹೇಳ್ತೀನಿ. ಬಾಡಿ ತ್ರೀಡಿ ಪ್ರಿಂಟ್ ಮಾಡಿಸಿದ್ದು, ಪಾತ್ರೆ ತೊಳಿಯೋ ಸೋಪಲ್ಲಿ ತೊಳೆದು ಒಣಗಿಸಿ ಬೂದು ಪ್ರೈಮರ್ ಹೊಡೆದೆ. ಅದರ ಮೇಲೆ ಮೊದಲು ತುಕ್ಕಿನ ಬಣ್ಣ, ಬರ್ಂಟ್ ಅಂಬರ್ ಅನ್ನೋ ಗಾಢ ಕಂದು ಜಾಸ್ತಿ, ಬರ್ಂಟ್ ಸಿಯೆನಾ ಅನ್ನೋ ಕೆಂಗಂದು ಸ್ವಲ್ಪ, ಒಂದೇ ಸಮ ಅಲ್ಲದ ಹಂಗೆ ಸ್ಪಂಜಲ್ಲಿ ಒತ್ತಿ ಒತ್ತಿ. ಅದಕ್ಕೆ ವಾರ್ನಿಷ್ ಹೊಡೆದು ಒಂದು ದಿನ ಬಿಟ್ಟೆ, ಈ ವಾರ್ನಿಷ್ ಹೊಡೀದೇ ಇದ್ರೆ ಮುಂದೆ ಎಲ್ಲಾ ಕಿತ್ಕೊಂಡು ಬರತ್ತೆ. ಆಮೇಲೆ ಹೇರ್‌ಸ್ಪ್ರೇ, ಹೌದು ತಲೆಗೆ ಹೊಡ್ಕೊಳೋ ಅದೇ ಹೇರ್‌ಸ್ಪ್ರೇ, ತೆಳ್ಳಗೆ ಎರಡು ಸಲ. ಅದು ಒಣಗಿದ ಮೇಲೆ ವ್ಯಾಗನ್‌ನ ಕೆಂಗಂದು ಬಣ್ಣ, ನೀರಲ್ಲಿ ತೆಳು ಮಾಡಿದ ಅಕ್ರಿಲಿಕ್. ಬಿಸಿಲಿಗೆ ಮಂಕಾದ ಬಣ್ಣ ಬೇಕು ಅಂತ ಬಿಳಿ ಬೆರೆಸಬೇಡಿ, ಗುಲಾಬಿಯಾಗತ್ತೆ, ಯೆಲ್ಲೋ ಓಕರ್ ಅನ್ನೋ ಮಣ್ಣುಹಳದಿ ಬೆರೆಸಿ, ಸರಿಯಾದ ಮಣ್ಣುಗೆಂಪು ಬರತ್ತೆ.

ಈ ಮೇಲಿನ ಬಣ್ಣ ಮುಟ್ಟಿದ್ರೆ ಅಂಟಲ್ಲ ಅನ್ನೋ ಹೊತ್ತಿಗೆ, ನನಗೆ ಅರ್ಧ ಗಂಟೆ ಆಯ್ತು, ಒದ್ದೆ ಬ್ರಷ್ಷಲ್ಲಿ ಬೇಕಾದ ಜಾಗ ಮಾತ್ರ ನೆನೆಸಿ ಒಂದೆರಡು ನಿಮಿಷ ಬಿಟ್ಟು ಗಟ್ಟಿ ಕೂದಲಿನ ಬ್ರಷ್ಷಲ್ಲಿ ಮೆತ್ತಗೆ ಉಜ್ಜಿದ್ರೆ ಒಳಗಿನ ಹೇರ್‌ಸ್ಪ್ರೇ ಕರಗಿ ಮೇಲಿನ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳತ್ತೆ, ಕೆಳಗಿನ ತುಕ್ಕು ಕಾಣತ್ತೆ. ಆ ಮೊದಲನೇ ಸಿಪ್ಪೆ ಎದ್ದಾಗ ಆಗಿದ್ದ ಖುಷಿ ಇವತ್ತಿಗೂ ನೆನಪಿದೆ. ಚೂಪು ಗೀರು ಬೇಕಂದ್ರೆ ಟೂತ್‌ಪಿಕ್. ಮೂರನೇ ವ್ಯಾಗನ್‌ಗೆ ಮನೇಲಿ ಮದುವೆ ಕೆಲಸ ಬಂತು ಅಂತ ಎರಡು ದಿನ ಬಿಟ್ಟೆ, ಬಣ್ಣ ಗಟ್ಟಿಯಾಗಿ ಕೂತ್ಬಿಡ್ತು, ಜೋರಾಗಿ ಉಜ್ಜಿ ಪ್ರೈಮರ್ ತನಕ ಹೋಯ್ತು. ಅದೇ ದಿನ ಮುಗಿಸಕ್ಕೆ ಆಗತ್ತೆ ಅಂದ್ರೆ ಮಾತ್ರ ಶುರು ಮಾಡಿ. ಹೇರ್‌ಸ್ಪ್ರೇ ಬದಲು ಉಪ್ಪು ಹಾಕೋ ವಿಧಾನಾನೂ ಇದೆ, ತುಕ್ಕಿನ ಬಣ್ಣದ ಮೇಲೆ ನೀರು ಸವರಿ ಉಪ್ಪು ಉದುರಿಸಿ ಒಣಗಿಸಿ ಬಣ್ಣ ಹೊಡೆದು ಆಮೇಲೆ ಉಪ್ಪು ಉಜ್ಜಿ ತೆಗೆಯೋದು. ಪುಡಿ ಉಪ್ಪು ಎಲ್ಲಾ ಒಂದೇ ಸೈಜ್ ಕಲೆ ಕೊಡತ್ತೆ, ಕಲ್ಲುಪ್ಪನ್ನ ಒರಳಲ್ಲಿ ಒಂದೇಟು ಹಾಕಿ ತಗೊಂಡ್ರೆ ಸಣ್ಣದು ದೊಡ್ಡದು ಬೆರೆತು ಚೆನ್ನಾಗಿ ಬರತ್ತೆ.

ಮಳೆನೀರಿನ ಜೊತೆ ಇಳಿದ ತುಕ್ಕಿನ ಕಲೆಗಳಿಗೆ ಆಯಿಲ್ ಪೇಂಟೇ ಸರಿ, ಬೇಗ ಒಣಗಲ್ಲ, ತಿದ್ದಕ್ಕೆ ಟೈಮ್ ಸಿಗತ್ತೆ. ಮತ್ತೆ ವಾರ್ನಿಷ್ ಹೊಡೆದು ಒಣಗಿಸಿ, ಕ್ಯಾಮೆಲ್ ಕಂಪನಿ ಆಯಿಲ್ ಪೇಂಟ್ ಟ್ಯೂಬಿಂದ ಸೂಜಿ ಮೊನೆಯಷ್ಟು ಬಣ್ಣ ಹಿಂಜ್ ಕೆಳಗೆ ಇಟ್ಟು, ಟರ್ಪೆಂಟೈನ್‌ಲಿ ಅದ್ದಿ ಬಟ್ಟೆಗೆ ಒರೆಸಿದ ಚಪ್ಪಟೆ ಬ್ರಷ್ಷಲ್ಲಿ ಮೇಲಿಂದ ಕೆಳಕ್ಕೆ ಎಳೀತೀನಿ, ಯಾವತ್ತೂ ಮೇಲಿಂದ ಕೆಳಕ್ಕೇ. ಬ್ರಷ್ ತುಂಬಾ ಒದ್ದೆ ಇದ್ರೆ ಕಲೆ ಪೂರ್ತಿ ತೊಳೆದುಹೋಗತ್ತೆ.

ವ್ಯಾಗನ್ ಮೇಲೆ ಧೂಳು ಕೂತಂಗೆ ಕಾಣಕ್ಕೆ ಹಚ್ಚೋ ಪೌಡರನ್ನ ಅಂಗಡಿಯಿಂದ ತರಿಸೋದು ಬಿಟ್ಟಿದೀನಿ. ನಮ್ಮ ತೋಟದ ಕೆಮ್ಮಣ್ಣೇ ಇದೆಯಲ್ಲ, ಆ ಕೆಂಪು ಬರೋದೂ ಮಣ್ಣಲ್ಲಿರೋ ಕಬ್ಬಿಣದ ಆಕ್ಸೈಡಿಂದಲೇ, ಒಂಥರ ಅದೂ ತುಕ್ಕೇ. ಹಳೇ ಬಾಣಲೆಲಿ ಹುರಿದು ತೇವ ತೆಗೆದು ಪಂಚೆ ಬಟ್ಟೆಲಿ ಎರಡು ಸಲ ಜರಡಿ ಹಿಡೀತೀನಿ, ಮಾಸ್ಕ್ ಹಾಕ್ಕೊಂಡೇ ಮಾಡ್ಬೇಕು. ಕೊನೇಲಿ ಪೇಪರ್ ಮೇಲೆ ಹರಡಿ ಅದರ ಮೇಲೆ ಅಯಸ್ಕಾಂತ ಆಡಿಸೋದು ಮರೀಬೇಡಿ. ಮಣ್ಣಲ್ಲಿ ಕರೀ ಕಣ ಇರತ್ತೆ, ಅಯಸ್ಕಾಂತಕ್ಕೆ ಮೀಸೆ ಥರ ಅಂಟ್ಕೊಳತ್ತೆ, ಅದು ಹಳಿ ಮೇಲೆ ಉದುರಿ ಇಂಜಿನ್ ಮೋಟರ್‌ನ ಅಯಸ್ಕಾಂತಕ್ಕೆ ಹೋಗಿ ಕೂತ್ರೆ ಮೋಟರ್ ಹಾಳು. ಸ್ಟೀಲ್ ವುಲ್, ಅಂದ್ರೆ ಕಬ್ಬಿಣದ ನಾರನ್ನ, ವಿನಿಗರಲ್ಲಿ ನೆನೆಸಿ ನಿಜವಾದ ತುಕ್ಕು ಮಾಡೋರೂ ಈ ಪರೀಕ್ಷೆ ಮಾಡ್ಲೇಬೇಕು. ಪೌಡರ್ ಮೇಲೆ ಮ್ಯಾಟ್ ವಾರ್ನಿಷ್ ಬಿದ್ರೆ ಮುಕ್ಕಾಲು ಪಾಲು ಮಾಯ ಆಗತ್ತೆ, ಅದಕ್ಕೇ ಕೈ ತಾಗದೇ ಇರೋ ಜಾಗಕ್ಕೆ ವಾರ್ನಿಷ್ಷೇ ಹೊಡಿಯಲ್ಲ. ಜುಲೈನಲ್ಲಿ ಜಡಿಮಳೆ ಹಿಡಿದಾಗ ಕ್ಯಾನ್ ವಾರ್ನಿಷ್ ಹೊಡೆದು ಇಡೀ ವ್ಯಾಗನ್ ಬೂಷ್ಟು ಬಂದಂಗೆ ಬೆಳ್ಳಗಾಯ್ತು, ಗಾಳೀಲಿ ತೇವ ಇದ್ರೆ ಹಂಗಾಗತ್ತೆ. ಬಿಸಿಲು ಬಿದ್ದ ದಿನ ಮಹಡಿ ಮೇಲೆ ಹೊಡೀರಿ.

ಚಕ್ರದ ಮುಖಕ್ಕೆ ಕಂದು ಬಳೀಬಹುದು, ಹಳಿ ಮುಟ್ಟೋ ಭಾಗಕ್ಕೆ ಬೇಡ, ನಿಜವಾದ ಗಾಡೀಲೂ ಅದು ಓಡಿ ಓಡಿ ಬೆಳ್ಳಿ ಥರ ಹೊಳೀತಿರತ್ತೆ. ಒಳಗಡೆ ತಳನೂ ಅಷ್ಟೇ, ಸರಕು ಉಜ್ಜಿ ಉಜ್ಜಿ ಬಣ್ಣವೇ ಉಳಿದಿರಲ್ಲ.

ನಾಲ್ಕನೇದನ್ನ ದೊಡ್ಡಪ್ಪನ ಕೈಗೆ ಕೊಟ್ಟೆ. ತುಂಬ ಹೊತ್ತು ಮಾತಾಡ್ಲಿಲ್ಲ. ಬಾಗಿಲ ಮೂಲೆ ಮೇಲೆ ಉಗುರಿಟ್ಟು "ಇಲ್ಲಿ ಸರಿಯಾಗಿ ಹಿಡಿದೈತೆ" ಅಂದ್ರು. ಆಮೇಲೆ "ಪಿಓಹೆಚ್ ಡೇಟ್ ಎಲ್ಲಪ್ಪ? ಓವರ್‌ಹಾಲ್ ಆಗದಲೇ ಲೈನಿಗೆ ಬಿಟ್ಟಿದೀಯಾ?" ಅಂತ ಕೇಳಿದ್ರು. ಪಿಓಹೆಚ್ ಅಂದ್ರೆ ವ್ಯಾಗನ್‌ಗೆ ಕಾಲಕಾಲಕ್ಕೆ ಮಾಡೋ ಓವರ್‌ಹಾಲ್, ಅದು ನನ್ನ ತಲೆಗೇ ಹೋಗಿರಲಿಲ್ಲ. ಓವರ್‌ಹಾಲ್ ಆದ ತಾರೀಕು ಬರಿಯಕ್ಕೆ ಒಂದು ಚೌಕ ಹೊಸದಾಗಿ ಬಳಿದಿರ್ತಾರೆ, ಸುತ್ತ ಎಷ್ಟೇ ತುಕ್ಕಿದ್ರೂ ಅದೊಂದು ಚೌಕ ಸ್ವಲ್ಪ ಹೊಸದಾಗಿ ಕಾಣತ್ತೆ. ಪಕ್ಕದಲ್ಲೇ ಸೀಮೆಸುಣ್ಣದಲ್ಲಿ ಗೀಚಿದ ಗುರುತುಗಳೂ ಇರತ್ತೆ. ಅವತ್ತೇ ಸಾಯಂಕಾಲ ಮಾಸ್ಕಿಂಗ್ ಟೇಪ್ ಹಾಕಿ 5 ಮಿಲಿಮೀಟರ್ ಚೌಕ ಬಳಿದೆ, ಸೀಮೆಸುಣ್ಣದ ಗೀಚಿಗೆ ಬಿಳಿ ಪೆನ್ಸಿಲ್ ಚೂಪು ಮಾಡಿ ದೊಡ್ಡಪ್ಪನ ಕೈಗೇ ಕೊಟ್ಟೆ, ಅವರು ಉಸಿರು ಬಿಗಿಹಿಡಿದು ಎರಡು ಗೆರೆ ಎಳೆದ್ರು. ಇನ್ನೂ ಐದು ವ್ಯಾಗನ್ ಬಾಕಿ ಇದೆ, ಅವಕ್ಕೂ ಗುರುತು ಹಾಕೋದು ಅವರೇ ಅಂತ ಮಾತಾಗಿದೆ.